ಕಾಗದ ಸುತ್ತಿ ಕರೆಂಟ್ ಹರಿಸಿದ ಫೆರಾಂಟಿ

ಉದ್ದದ ಲೈನಿನಲ್ಲಿ ಲೋಡ್ ಇಲ್ಲದಿದ್ದರೆ, ನಾವು ಕಳಿಸಿದ ವೋಲ್ಟೇಜಿಗಿಂತ ಆ ತುದಿಯಲ್ಲಿ ಜಾಸ್ತಿ ವೋಲ್ಟೇಜ್ ಬರುತ್ತೆ. ಇದೇ ‘ಫೆರಾಂಟಿ ಎಫೆಕ್ಟ್’. ಎಕ್ಸಾಮಿಗೆ ಫೇಸರ್ ಡಯಾಗ್ರಾಮ್ ಕಲಿತು ಬಿಟ್ಟುಬಿಡ್ತೀವಿ. ಈ ಫೆರಾಂಟಿ ಯಾರು?

ಸೆಬಾಸ್ಟಿಯನ್ ಡಿ ಫೆರಾಂಟಿ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. 1887ರಲ್ಲಿ ಲಂಡನ್ನಿನ ಒಂದು ವಿದ್ಯುತ್ ಕಂಪನಿಗೆ ಚೀಫ್ ಎಂಜಿನಿಯರ್ ಆದಾಗ ಅವರಿಗೆ ಬರೀ 23 ವರ್ಷ. ನಮ್ಮ ಸೀನಿಯರ್‌ಗಳ ವಯಸ್ಸು! ಆಗೆಲ್ಲ ಸಣ್ಣ ಸ್ಟೇಷನ್ ಇಟ್ಟು ಅಕ್ಕಪಕ್ಕದ ಮನೆಗಳಿಗಷ್ಟೇ ಕರೆಂಟ್ ಕೊಡ್ತಿದ್ದರು. ಫೆರಾಂಟಿ ಮಾತ್ರ ದೂರದ ಡೆಪ್ಟ್‌ಫರ್ಡಿನಲ್ಲಿ, ಥೇಮ್ಸ್ ನದಿ ದಡದಲ್ಲಿ ಭಾರಿ ಸ್ಟೇಷನ್ ಕಟ್ಟಿ, 10,000 ವೋಲ್ಟಿನಲ್ಲಿ ಲಂಡನ್ ನಡುಭಾಗಕ್ಕೆ ಕರೆಂಟ್ ಕಳಿಸಲು ಹೊರಟರು.

ಆದರೆ ಅಷ್ಟು ವೋಲ್ಟೇಜ್ ನಂಬಿಕೆಯಿಂದ ತಡೆಯುವ ಕೇಬಲ್ ಎಲ್ಲಿತ್ತು? ಅದನ್ನೂ ಅವರೇ ಮಾಡಿದರು. ತಾಮ್ರದ ಕೊಳವೆಗೆ ಕಂದು ಕಾಗದ ಸುತ್ತಿ, ಓಝೋಕೆರೈಟ್ ಎಂಬ ಖನಿಜ ಮೇಣದಲ್ಲಿ ನೆನೆಸಿ, ಅದನ್ನು ಇನ್ನೊಂದು ತಾಮ್ರದ ಕೊಳವೆಯೊಳಗೆ ತೂರಿಸಿದರು. ಒಂದೊಂದು ತುಂಡು 20 ಅಡಿ.

ಬರೀ ಕಾಗದ ಯಾಕೆ ಸಾಲದು? ಕಾಗದ ಅಂದರೆ ಸೆಲ್ಯುಲೋಸ್ ನಾರು. ನಾರಿನ ಸಂದಿಯಲ್ಲಿ ಗಾಳಿ ಇರುತ್ತೆ, ತೇವವನ್ನೂ ಬೇಗ ಹೀರುತ್ತೆ. ಹೈ ವೋಲ್ಟೇಜಿನಲ್ಲಿ ಮೊದಲು ಕಿಡಿ ಹುಟ್ಟೋದು ಆ ಗಾಳಿಯಲ್ಲೇ. ಕರಗಿದ ಮೇಣ ಆ ಸಂದಿಗಳನ್ನು ತುಂಬುತ್ತೆ. ಕಾಗದ ಮೇಣವನ್ನು ಹಿಡಿದಿಟ್ಟು ಎರಡು ತಾಮ್ರಗಳ ನಡುವೆ ಅಂತರ ಕಾಯುತ್ತೆ. ಒಂದರ ಕೊರತೆಯನ್ನು ಇನ್ನೊಂದು ನೀಗುತ್ತೆ.

ಸರ್ಕಾರದ ಬೋರ್ಡ್ ಆಫ್ ಟ್ರೇಡ್‌ಗೆ ಜನರ ಸುರಕ್ಷತೆಯ ಚಿಂತೆ. ಆಗ ಫೆರಾಂಟಿಯವರ ಸಹಾಯಕರೊಬ್ಬರು ಕರೆಂಟ್ ಹರಿಯುತ್ತಿದ್ದ ಕೇಬಲ್ ಮೇಲೆ ಉಳಿ ಹಿಡಿದರು, ಇನ್ನೊಬ್ಬರು ಸುತ್ತಿಗೆಯಿಂದ ಹೊಡೆದರು. ಹೊರಗಿನ ಕೊಳವೆ ಅರ್ತ್ ಆಗಿತ್ತು. ಉಳಿ ಹಿಡಿದವರಿಗೆ ಏನೂ ಆಗಲಿಲ್ಲ!

ಎಲ್ಲವೂ ಸುಲಭವಾಗಲಿಲ್ಲ. 1890ರಲ್ಲಿ ಲಂಡನ್ನಿನ ಸಬ್‌ಸ್ಟೇಷನ್‌ಗೆ ಬೆಂಕಿ ಬಿತ್ತು. 1891ರಲ್ಲಿ ಫೆರಾಂಟಿ ಆ ಕಂಪನಿಯನ್ನೇ ಬಿಟ್ಟರು. ಮುಂದೆ ಸ್ವಂತ ಕಂಪನಿಯಲ್ಲಿ ಟ್ರಾನ್ಸ್‌ಫಾರ್ಮರ್, ಮೀಟರ್ ತಯಾರಿಸಿದರು. 1930ರಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರ ಕಾಗದದ ಕೇಬಲ್ ಮಾತ್ರ 1933ರವರೆಗೂ ಕೆಲಸ ಮಾಡಿತು.

ಇಂದಿನ ಪವರ್ ಟ್ರಾನ್ಸ್‌ಫಾರ್ಮರ್ ಒಳಗೂ ಇದೇ ಜೋಡಿ: ಕ್ರಾಫ್ಟ್ ಕಾಗದ, ಮೇಣದ ಜಾಗದಲ್ಲಿ ಎಣ್ಣೆ. ಎಣ್ಣೆ ಹಳೆಯದಾದರೆ ಸೋಸಬಹುದು, ಬದಲಿಸಬಹುದು. ಸುರುಳಿಗೆ ಸುತ್ತಿದ ಕಾಗದ ಹಾಗಲ್ಲ. ಅದು ಪುಡಿಯಾದರೆ ಟ್ರಾನ್ಸ್‌ಫಾರ್ಮರ್ ಆಯಸ್ಸೇ ಮುಗೀತು. ಲಕ್ಷಾಂತರ ವೋಲ್ಟನ್ನು ನಾವು ಈಗಲೂ ಕಾಗದ ನಂಬಿಯೇ ನಡೆಸ್ತಿದ್ದೀವಿ.