ಬೇಸ್‌ಬಾಲ್ ವೀರ ರೊಬರ್ಟೊ ಕ್ಲೆಮೆಂಟೆ

ಈ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ಆಟಗಾರರ ಜೀವನ ಚರಿತ್ರೆ ಬರೆದಿದ್ದೇನೆ. ಇವರ ಹೆಸರು ರೊಬರ್ಟೊ ಕ್ಲೆಮೆಂಟೆ. ನಮ್ಮ ಕಡೆ ಇವರ ಹೆಸರು ಕೇಳಿದವರು ಕಡಿಮೆ. ಆದರೆ ಅಮೆರಿಕದಲ್ಲಿ ಇವರ ಹೆಸರಿನ ಶಾಲೆಗಳಿವೆ, ಒಂದು ದೊಡ್ಡ ಸೇತುವೆಯೂ ಇದೆ.

ಮೊದಲು ಆಟದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗೋದಿಲ್ಲ. ಬೇಸ್‌ಬಾಲ್ ನಮ್ಮ ಕ್ರಿಕೆಟ್‌ಗೆ ದೂರದ ನೆಂಟ. ಒಂದು ತಂಡದಲ್ಲಿ 9 ಜನ. ಬ್ಯಾಟು ಚಪ್ಪಟೆ ಇರೋದಿಲ್ಲ, ದೊಣ್ಣೆ ಥರ ಗುಂಡಗಿರುತ್ತದೆ. ಚೆಂಡು ನೆಲಕ್ಕೆ ಬೀಳದೆ ಸೀದಾ ಬರುತ್ತದೆ. ಹೊಡೆದವನು ಮೂರು ಬೇಸ್ ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಅದು ಹಿಟ್. ಹತ್ತು ಸಲದಲ್ಲಿ ಮೂರು ಸಲ ಹಿಟ್ ಹೊಡೆಯುವವನೇ ದೊಡ್ಡ ಆಟಗಾರ ಅಂದರೆ ಇದು ಎಷ್ಟು ಕಷ್ಟ ನೋಡಿ. ಮೈದಾನದ ದೂರದ ಭಾಗದಲ್ಲಿ ಮೂವರು ನಿಂತು ಚೆಂಡು ಕಾಯುತ್ತಾರೆ. ಅವರಿಗೆ ಔಟ್‌ಫೀಲ್ಡರ್ ಅನ್ನುತ್ತಾರೆ. ಕ್ಲೆಮೆಂಟೆ ಅವರು ಬಲಗಡೆಯ ಔಟ್‌ಫೀಲ್ಡರ್. ಅಲ್ಲಿಂದ ಮೂರನೇ ಬೇಸ್ ತುಂಬಾ ದೂರ. ಆದ್ದರಿಂದ ಅಲ್ಲಿ ನಿಲ್ಲುವವನ ತೋಳಿನಲ್ಲಿ ಶಕ್ತಿ ಇರಲೇಬೇಕು.

ರೊಬರ್ಟೊ ಕ್ಲೆಮೆಂಟೆ ಅವರು 1934ನೇ ಇಸವಿ ಆಗಸ್ಟ್ 18ರಂದು ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬ ಊರಿನಲ್ಲಿ ಜನಿಸಿದರು. ಈ ದ್ವೀಪ ಕೆರಿಬಿಯನ್ ಸಮುದ್ರದಲ್ಲಿದೆ. ಅದು ಅಮೆರಿಕಕ್ಕೆ ಸೇರಿದ್ದರೂ ಅಲ್ಲಿನ ಜನ ಮಾತಾಡುವುದು ಸ್ಪ್ಯಾನಿಷ್ ಭಾಷೆ. ತಂದೆ ಮೆಲ್ಚೋರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ತಾಯಿ ಲೂಯಿಸಾ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಚಿಕ್ಕಂದಿನಲ್ಲಿ ಸೀಬೆ ಕೊಂಬೆಯೇ ಇವರ ಬ್ಯಾಟು, ಬಟ್ಟೆ ಚೂರು ಸುತ್ತಿದ್ದೇ ಚೆಂಡು ಅಂತ ಹೇಳುತ್ತಾರೆ. ಒಂದು ಹಳೇ ಸೈಕಲ್ ಕೊಳ್ಳಲು ಹಾಲಿನ ಕ್ಯಾನು ಹೊತ್ತು ವರ್ಷಗಟ್ಟಲೆ ಪುಡಿಕಾಸು ಕೂಡಿಸಿದರಂತೆ. ಇವರು ಹೈಸ್ಕೂಲಿನಲ್ಲಿ ಭರ್ಜಿ ಎಸೆತದಲ್ಲಿ ಹೆಸರು ಮಾಡಿದ್ದರು. ದೂರಕ್ಕೆ ಚೆಂಡು ಎಸೆಯುವ ಶಕ್ತಿ ಅಲ್ಲೇ ಬೆಳೆಯಿತು ಅಂತ ನನಗೆ ಅನ್ನಿಸುತ್ತದೆ.

1952ರಲ್ಲಿ, 18 ವರ್ಷದ ಹುಡುಗನಾಗಿದ್ದಾಗ, ಪೋರ್ಟೊ ರಿಕೊದ ಸಾಂಟುರ್ಸೆ ತಂಡ ಇವರನ್ನು ಸೇರಿಸಿಕೊಂಡಿತು. 1954ರಲ್ಲಿ ಅಮೆರಿಕದ ಬ್ರೂಕ್ಲಿನ್ ಡಾಡ್ಜರ್ಸ್ ತಂಡ 10,000 ಡಾಲರ್ ಬೋನಸ್ ಕೊಟ್ಟು ಕರೆದುಕೊಂಡಿತು. ಆದರೆ ಅವರು ಇವರನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಕಿರಿಯ ತಂಡದಲ್ಲಿ ಇಟ್ಟರು, ಹೆಚ್ಚು ಆಡಲು ಬಿಡಲಿಲ್ಲ. ಅಂಥ ಆಟಗಾರನನ್ನು ಬೇರೆ ತಂಡ ಆರಿಸಿಕೊಳ್ಳಬಹುದು ಅಂತ ಆಗ ಒಂದು ನಿಯಮ ಇತ್ತು. ಆ ವರ್ಷ ನ್ಯಾಷನಲ್ ಲೀಗಿನಲ್ಲಿ ಕೊನೆಗೆ ಬಂದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಮೊದಲ ಅವಕಾಶ ಸಿಕ್ಕಿತು. ಅವರು ಕೇವಲ 4,000 ಡಾಲರ್‌ಗೆ ಇವರನ್ನು ತಗೊಂಡರು! ಆಮೇಲೆ ಇವರು ಆಡಿದ 18 ವರ್ಷವೂ ಅದೇ ತಂಡದಲ್ಲಿ ಆಡಿದರು.

1955ರ ಏಪ್ರಿಲ್ 17ರಂದು ಮೊದಲ ಪಂದ್ಯ. ಆದರೆ ಅಲ್ಲಿ ಬಾಳಾ ಕಷ್ಟ ಪಟ್ಟರು. ಇವರ ಬಣ್ಣ ಕಪ್ಪು, ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಫ್ಲಾರಿಡಾಕ್ಕೆ ಅಭ್ಯಾಸಕ್ಕೆ ಹೋದಾಗ ಬಿಳಿಯ ಆಟಗಾರರು ಹೋಟೆಲಿನ ಒಳಗೆ ಕೂತು ಊಟ ಮಾಡುತ್ತಿದ್ದರು. ಕಪ್ಪು ಆಟಗಾರರು ಬಸ್ಸಿನಲ್ಲೇ ಕಾಯಬೇಕಿತ್ತು. ಒಂದೇ ತಂಡ, ಒಂದೇ ಬಟ್ಟೆ, ಊಟ ಮಾತ್ರ ಬೇರೆ! ಕ್ಲೆಮೆಂಟೆ ಇದನ್ನು ಸಹಿಸಲಿಲ್ಲ. ತಂಡದ ಆಡಳಿತದವರ ಹತ್ತಿರ ಹೋಗಿ ಕಪ್ಪು ಆಟಗಾರರಿಗೆ ಬೇರೆ ಗಾಡಿ ಕೊಡಿ, ನಮಗೆ ಊಟ ಕೊಡುವ ಕಡೆ ನಾವೇ ಹೋಗುತ್ತೇವೆ ಅಂತ ಕೇಳಿ ಗಾಡಿ ಪಡೆದರು.

ಇನ್ನೊಂದು ವಿಷಯ ಹೆಸರಿನದು. ಪತ್ರಿಕೆಯವರಿಗೆ ರೊಬರ್ಟೊ ಅನ್ನುವುದು ಕಷ್ಟವೋ ಏನೋ, ಬಾಬ್ ಅಂತ ಬರೆದರು. ಆಟಗಾರರ ಚಿತ್ರದ ಕಾರ್ಡುಗಳಲ್ಲೂ ಬಾಬ್ ಅಂತಲೇ ಅಚ್ಚು ಹಾಕಿದರು. ಇವರಿಗೆ ಅದು ಇಷ್ಟವಿರಲಿಲ್ಲ. ತನ್ನ ಹೆಸರು ರೊಬರ್ಟೊ ಅಂತ ಹೇಳುತ್ತಲೇ ಇದ್ದರು. ಇವರ ಅಂಗಿಯ ನಂಬರು 21. ಅಲ್ಲಿನ ಪದ್ಧತಿಯಂತೆ ತಾಯಿಯ ಮನೆತನದ ಹೆಸರೂ ಸೇರಿದರೆ ಇವರ ಪೂರ್ತಿ ಹೆಸರು ರೊಬರ್ಟೊ ಕ್ಲೆಮೆಂಟೆ ವಾಕರ್. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಣಿಸಿದರೆ ಸರಿಯಾಗಿ 21 ಅಕ್ಷರ. ಅದಕ್ಕೇ ಆ ನಂಬರು ಆರಿಸಿಕೊಂಡರು ಅಂತ ಹೇಳುತ್ತಾರೆ. ನಾನು ಎಣಿಸಿ ನೋಡಿದೆ, ಸರಿ ಇದೆ. ನೀವೂ ಎಣಿಸಿ.

ಈಗ ಆಟದ ಸಾಧನೆಗೆ ಬರೋಣ. 1960ರಲ್ಲಿ ಪೈರೇಟ್ಸ್ ತಂಡ ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಪ್ರಸಿದ್ಧವಾದ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿತು. 1925ರ ನಂತರ ಅವರಿಗೆ ಸಿಕ್ಕ ಮೊದಲ ಕಪ್ಪು ಅದು. ಆ ಫೈನಲ್‌ನಲ್ಲಿ ಏಳು ಪಂದ್ಯ ನಡೆದವು. ಏಳರಲ್ಲೂ ಇವರು ಹಿಟ್ ಹೊಡೆದರು. 1961, 1964, 1965, 1967ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಇವರದೇ. 1966ರಲ್ಲಿ ಲೀಗಿನ ಅತಿ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಚೆನ್ನಾಗಿ ಫೀಲ್ಡಿಂಗ್ ಮಾಡುವವರಿಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ 1961ರಿಂದ 1972ರವರೆಗೆ 12 ಸಲ ಬಂತು, ಒಂದು ವರ್ಷವೂ ತಪ್ಪಲಿಲ್ಲ! ಔಟ್‌ಫೀಲ್ಡಿನಿಂದ ಎಸೆದು ಎದುರಾಳಿಯನ್ನು ಔಟ್ ಮಾಡಲು ನೆರವಾದದ್ದು 266 ಸಲ. 1954ರಲ್ಲಿ ಕಾರು ಅಪಘಾತವಾಗಿ ಬೆನ್ನಿಗೆ ಪೆಟ್ಟಾಗಿತ್ತು. ಇಷ್ಟೆಲ್ಲಾ ಮಾಡಿದ್ದು ಆ ನೋವಿನಲ್ಲೇ.

1971ರಲ್ಲಿ ಮತ್ತೆ ಫೈನಲ್. ಎದುರಿಗೆ ಬಾಲ್ಟಿಮೋರ್ ಓರಿಯೋಲ್ಸ್. ಇವರಿಗೆ ಆಗ 37 ವರ್ಷ. ಈ ಸಲವೂ ಏಳಕ್ಕೆ ಏಳು ಪಂದ್ಯದಲ್ಲಿ ಹಿಟ್ ಹೊಡೆದು ಸರಣಿ ಶ್ರೇಷ್ಠರಾದರು. ಗೆದ್ದ ಮೇಲೆ ಟೆಲಿವಿಷನ್‌ನವರು ಮೈಕು ಹಿಡಿದರು. ಅಮೆರಿಕವೆಲ್ಲಾ ನೋಡುತ್ತಿತ್ತು. ಇವರು ಇಂಗ್ಲಿಷ್‌ನಲ್ಲಿ ಉತ್ತರ ಕೊಡುವ ಮುಂಚೆ ಸ್ಪ್ಯಾನಿಷ್‌ನಲ್ಲಿ ಊರಲ್ಲಿದ್ದ ತಂದೆ ತಾಯಿಯ ಆಶೀರ್ವಾದ ಬೇಡಿದರು. ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

1972ರ ಸೆಪ್ಟೆಂಬರ್ 30ರಂದು 3000ನೇ ಹಿಟ್ ಹೊಡೆದರು. ಅದುವರೆಗೆ 10 ಜನ ಮಾತ್ರ ಆ ಸಂಖ್ಯೆ ಮುಟ್ಟಿದ್ದರು. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯ ಹಿಟ್ ಆಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಡಿಸೆಂಬರ್ 23ರಂದು ನಿಕರಾಗುವಾ ದೇಶದ ರಾಜಧಾನಿ ಮನಾಗುವಾದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಸ್ವಲ್ಪ ದಿನದ ಹಿಂದೆ ಕ್ಲೆಮೆಂಟೆ ಪೋರ್ಟೊ ರಿಕೊ ತಂಡದ ಜೊತೆ ಆ ಊರಿಗೇ ಹೋಗಿ ಬಂದಿದ್ದರು. ಅಲ್ಲಿನವರ ಪರಿಚಯ ಇತ್ತು. ಕ್ರಿಸ್‌ಮಸ್ ಹಬ್ಬ ಬಿಟ್ಟು ಊಟದ ಸಾಮಾನು, ಬಟ್ಟೆ, ಔಷಧಿ ಕೂಡಿಸಿ ಕಳಿಸಿದರು. ಆದರೆ ಅಲ್ಲಿ ಸರ್ಕಾರದ ಸೈನಿಕರು ಸಾಮಾನು ಕಿತ್ತುಕೊಳ್ಳುತ್ತಿದ್ದಾರೆ, ಜನರಿಗೆ ಮುಟ್ಟುತ್ತಿಲ್ಲ ಅಂತ ಸುದ್ದಿ ಬಂತು. ತಾನೇ ಜೊತೆಗೆ ಹೋದರೆ ಯಾರೂ ಕದಿಯಲಾರರು ಅಂತ ಇವರು ಹೊರಟರು.

ಡಿಸೆಂಬರ್ 31ರ ರಾತ್ರಿ ಒಂದು ಹಳೇ ವಿಮಾನದಲ್ಲಿ ಐದು ಜನ ಹತ್ತಿದರು. ವಿಮಾನದಲ್ಲಿ ಮಿತಿಗಿಂತ ಹೆಚ್ಚು ಭಾರ ಇತ್ತು. ಮೇಲೆದ್ದ ಸ್ವಲ್ಪ ಹೊತ್ತಿಗೇ ಅದು ಸಮುದ್ರಕ್ಕೆ ಬಿತ್ತು. ಯಾರೂ ಉಳಿಯಲಿಲ್ಲ. ಕ್ಲೆಮೆಂಟೆಗೆ 38 ವರ್ಷ. ಮನೆಯಲ್ಲಿ ಹೆಂಡತಿ ವೆರಾ ಮತ್ತು ಮೂರು ಜನ ಚಿಕ್ಕ ಗಂಡು ಮಕ್ಕಳು. ಇವರ ತಂಡದ ಗೆಳೆಯ ಮ್ಯಾನಿ ಸಾಂಗಿಯೆನ್ ಶೋಕಸಭೆಗೂ ಹೋಗದೆ ಸಮುದ್ರಕ್ಕೆ ಇಳಿದು ಹುಡುಕಿದರು. ದೇಹ ಸಿಗಲೇ ಇಲ್ಲ.

ಬೇಸ್‌ಬಾಲ್ ಹಾಲ್ ಆಫ್ ಫೇಮ್ ಎಂಬ ಗೌರವಕ್ಕೆ ಆಟ ಬಿಟ್ಟು ಐದು ವರ್ಷ ಕಾಯಬೇಕು ಅನ್ನುವ ನಿಯಮವಿದೆ. ಇವರಿಗಾಗಿ ಅದನ್ನು ಬದಿಗಿಟ್ಟು 1973ರಲ್ಲೇ ಆ ಗೌರವ ಕೊಟ್ಟರು. ಲ್ಯಾಟಿನ್ ಅಮೆರಿಕದ ಕಡೆಯವರಲ್ಲಿ ಇವರೇ ಮೊದಲಿಗರು. ಸಮಾಜ ಸೇವೆ ಮಾಡುವ ಆಟಗಾರನಿಗೆ ಪ್ರತಿ ವರ್ಷ ಇವರ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಪಿಟ್ಸ್‌ಬರ್ಗ್‌ನ ಈಗಿನ ಮೈದಾನದಲ್ಲಿ ಬಲಗಡೆಯ ಗೋಡೆ ಸರಿಯಾಗಿ 21 ಅಡಿ ಎತ್ತರ ಇದೆ. ಇವರ ನಂಬರಿನ ನೆನಪಿಗೇ ಹಾಗೆ ಕಟ್ಟಿದ್ದು.

ಗೆಳೆಯರೇ, ಈ ಕಥೆ ಹೇಳಿದಾಗ ನಮ್ಮ ತರಗತಿಯಲ್ಲಿ ಎರಡು ಗುಂಪಾಯಿತು. ಅಂಥ ವಿಮಾನ ಹತ್ತಬಾರದಿತ್ತು, ಮಕ್ಕಳ ಗತಿ ಏನು ಅಂತ ಕೆಲವರು ಕೇಳಿದರು. ಅದು ಸರಿಯಾದ ಪ್ರಶ್ನೆಯೇ. ಭಾರ ತೂಗಿ ನೋಡಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ಆದರೆ ಸಾಮಾನು ಕಳಿಸಿದ್ದಾಯ್ತು, ನನ್ನ ಕೆಲಸ ಮುಗೀತು ಅಂತ ಅವರು ಮನೆಯಲ್ಲಿ ಕೂರಲಿಲ್ಲ. ಹಸಿದವನ ಕೈಗೆ ಸೇರುವವರೆಗೂ ತನ್ನ ಕೆಲಸ ಮುಗಿಯಲಿಲ್ಲ ಅಂದುಕೊಂಡರು. ಮೈದಾನದಲ್ಲೂ ಅವರು ಹಾಗೇ ಅಲ್ಲವೇ? ಚೆಂಡು ಎಷ್ಟೇ ದೂರ ಇದ್ದರೂ ಸೇರಬೇಕಾದ ಕೈಗೆ ಸೇರಿಸುತ್ತಿದ್ದರು. ನನಗೆ ಅವರು ದೊಡ್ಡವರಾಗಿ ಕಾಣುವುದು ಇದಕ್ಕೇ. ನಿಮ್ಮ ಅಭಿಪ್ರಾಯವನ್ನು ಮುಂದಿನ ಸಂಚಿಕೆಗೆ ಬರೆದು ಕೊಡಿ.

— 7ನೇ ತರಗತಿ