ತ್ಯಾಗವೀರ ಲಿಂಗರಾಜರ ವಿದ್ಯಾದಾಸೋಹ



ದಾನಗಳು ಅನೇಕವುಂಟು. ಅನ್ನದಾನವು ಒಂದು ಹೊತ್ತಿನ ಹಸಿವೆಯನ್ನು ಹಿಂಗಿಸುವುದು. ವಸ್ತ್ರದಾನವು ಒಂದು ವರ್ಷದ ಚಳಿಯನ್ನು ನೀಗುವುದು. ವಿದ್ಯಾದಾನವಾದರೋ ಪಡೆದವನಲ್ಲಿಯೇ ನಿಲ್ಲದೆ, ಅವನ ಮನೆಗೂ ಊರಿಗೂ ಮುಂದಿನ ಪೀಳಿಗೆಗೂ ಹರಿದುಹೋಗುವುದು. ಈ ಮಾತಿಗೆ ನಮ್ಮ ನಾಡಿನಲ್ಲಿ ನಿದರ್ಶನವನ್ನು ಹುಡುಕಹೊರಟರೆ ಮೊದಲು ನೆನಪಿಗೆ ಬರುವ ಹೆಸರು ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರದು.

ಲಿಂಗರಾಜರು 1861ನೆಯ ಇಸವಿ ಜನವರಿ 10ರಂದು ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ ಜನಿಸಿದರು. ಆಗ ಅವರಿಗಿಟ್ಟ ಹೆಸರು ರಾಮಪ್ಪ. ಬಾಲ್ಯದಲ್ಲಿಯೇ ಸಿರಸಂಗಿ-ನವಲಗುಂದ ದೇಸಗತಿಯ ಮನೆತನಕ್ಕೆ ದತ್ತಕರಾಗಿ ಹೋಗಿ ಲಿಂಗರಾಜರೆನಿಸಿದರು. ರೈತರ ಮನೆಯ ಹುಡುಗನು ವಿಶಾಲವಾದ ವತನದ ಒಡೆಯನಾದನು. ಸಂಪತ್ತು ತಾನಾಗಿ ಬಂದುದು. ಆದರೆ ಅದು ತನ್ನದಲ್ಲ, ಸಮಾಜದ್ದು ಎಂಬ ಭಾವವನ್ನು ಅವರು ತಾವೇ ಬೆಳೆಯಿಸಿಕೊಂಡರು.

ಆ ಕಾಲದ ಸ್ಥಿತಿಯನ್ನು ತುಸು ನೆನೆಯಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಈ ಕನ್ನಡ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಇವುಗಳಲ್ಲಿ ಪದವಿಯವರೆಗೆ ಕಲಿಸುವ ಕಾಲೇಜು ಒಂದೂ ಇರಲಿಲ್ಲ. ಮೆಟ್ರಿಕ್ಯುಲೇಶನ್ ಮುಗಿಸಿದ ಹುಡುಗನು ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ರೈಲಿನ ವೆಚ್ಚ, ಪರಸ್ಥಳದ ವಸತಿ, ಊಟ, ಕಾಲೇಜಿನ ಫೀ, ಪುಸ್ತಕ ಇಷ್ಟನ್ನೂ ಹಲವು ವರ್ಷ ಹೊರಬಲ್ಲ ಒಕ್ಕಲಿಗನ ಮನೆಗಳೆಷ್ಟು? ಎತ್ತು ಮಾರಿ, ಹೊಲ ಒತ್ತೆಯಿಟ್ಟು ಕಳಿಸಬೇಕಾಗುತ್ತಿತ್ತು. ಇಲ್ಲವೇ ಬುದ್ಧಿವಂತ ಹುಡುಗನು ಊರಿನಲ್ಲಿಯೇ ಉಳಿಯಬೇಕಾಗುತ್ತಿತ್ತು. ಹೀಗಾಗಿ ಕಚೇರಿಯಲ್ಲಾಗಲಿ, ನ್ಯಾಯಾಲಯದಲ್ಲಾಗಲಿ, ಶಾಲೆಯ ಪೀಠದಲ್ಲಾಗಲಿ ನಮ್ಮವರು ವಿರಳ. ಜಾಣತನದ ಕೊರತೆಯಿಂದಲ್ಲ, ಹಣದ ಕೊರತೆಯಿಂದ ಒಂದು ಸಮಾಜವೇ ಹಿಂದುಳಿದಿದ್ದಿತು.

1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ನೆರೆದಾಗ ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರು. ವಿರಕ್ತರಾದ ಸ್ವಾಮಿಗಳೊಬ್ಬರು, ಸಿರಿವಂತರಾದ ದೇಸಾಯರೊಬ್ಬರು, ಇಬ್ಬರ ಚಿಂತೆಯೂ ಒಂದೇ: ಈ ಸಮಾಜದ ಮಕ್ಕಳು ವಿದ್ಯಾವಂತರಾಗುವುದೆಂತು?

ದೇಸಾಯರಿಗೆ ಸಂತಾನವಿರಲಿಲ್ಲ. ಅಂತಹ ಮನೆತನಗಳಲ್ಲಿ ದತ್ತಕವನ್ನು ಮಾಡಿಕೊಂಡು ವತನವನ್ನು ಉಳಿಸಿಕೊಳ್ಳುವುದು ರೂಢಿ. ಲಿಂಗರಾಜರೇ ಆ ರೂಢಿಯಿಂದ ಒಡೆತನಕ್ಕೆ ಬಂದವರು. ಆದರೂ ಅವರು ಮೃತ್ಯುಪತ್ರವನ್ನು ಬರೆದಾಗ ಒಬ್ಬ ವಾರಸನನ್ನು ನೆನೆಯಲಿಲ್ಲ. ಹೆಸರು ತಿಳಿಯದ, ಮುಖ ಕಾಣದ, ಇನ್ನೂ ಹುಟ್ಟದ ವಿದ್ಯಾರ್ಥಿಗಳನ್ನು ನೆನೆದರು. ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾಭಿವೃದ್ಧಿಗೆಂದು ಮುಡಿಪಾಗಿಟ್ಟರು. 1906ರ ಆಗಸ್ಟ್ 23ರಂದು, 45ರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮನೆತನದ ದೀಪವು ನಂದಿತೆಂದು ಅಂದು ಜನರು ಮರುಗಿರಬಹುದು. ಆದರೆ ಅವರ ಹೆಸರಿನ ಟ್ರಸ್ಟಿನ ವಿದ್ಯಾರ್ಥಿವೇತನವನ್ನು ಪಡೆದು ಓದಿದ ಪ್ರತಿಯೊಬ್ಬನೂ ಆ ಮನೆಯ ಮಗನೇ ಆದನು.

ಈ ದಾನದ ರೀತಿಯನ್ನು ಭಕ್ತರು ಗಮನಿಸಬೇಕು. ಒಮ್ಮೆ ಹಂಚಿಬಿಟ್ಟ ಹಣವು ಒಮ್ಮೆಗೇ ತೀರುವುದು. ನಿಧಿಯಾಗಿ ನಿಲ್ಲಿಸಿದ ಆಸ್ತಿಯಾದರೋ, ಮೂಲವು ಕರಗದೆ ಉತ್ಪನ್ನವು ವರ್ಷ ವರ್ಷವೂ ಹೊಸ ವಿದ್ಯಾರ್ಥಿಗೆ ಸಲ್ಲುವುದು. ಒಂದು ಬಾವಿಯನ್ನು ತೋಡಿಸಿದವನು ಮೊದಲ ಕೊಡವನ್ನಷ್ಟೇ ಕಾಣುವನು. ನೀರು ಸೇದುವವರು ನೂರು ವರ್ಷ ಬರುತ್ತಿರುವರು.

ವಿದ್ಯಾರ್ಥಿಗೆ ವೇತನವಿದ್ದರೂ ಸಮೀಪದಲ್ಲಿ ಕಾಲೇಜು ಬೇಕಲ್ಲವೇ? 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಪ ವೇತನದಲ್ಲಿ ಆಜೀವ ಸೇವೆಗೆ ಕಟ್ಟುಬಿದ್ದ ಅವರನ್ನು ಜನರು ಸಪ್ತರ್ಷಿಗಳೆಂದರು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಬೆಳಗಾವಿಯ ಸಂಸ್ಥೆಯು 1933ರಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದು, ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟಿತು. ಅವರು ಕಣ್ಮರೆಯಾಗಿ ಆಗ 27 ವರ್ಷಗಳಾಗಿದ್ದವು.

ಕಾಲೇಜನ್ನು ನಡೆಸುವುದು ಹುಡುಗಾಟವಲ್ಲ. ವಿಶ್ವವಿದ್ಯಾಲಯವು ಮಾನ್ಯತೆ ಕೊಡುವ ಮೊದಲು ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆ, ಯೋಗ್ಯ ಅಧ್ಯಾಪಕರು ಎಲ್ಲವನ್ನೂ ಕೇಳುವುದು. ಫೀಯಿಂದಲೇ ಇವೆಲ್ಲವನ್ನೂ ತುಂಬಹೋದರೆ ಬಡವನಿಗೆ ಬಾಗಿಲು ಮುಚ್ಚುವುದು. ಫೀಯನ್ನು ಕಡಿಮೆ ಮಾಡಿದರೆ ಸಂಸ್ಥೆಯೇ ಕುಸಿಯುವುದು. ಈ ಎರಡರ ನಡುವಣ ಕಂದರಕ್ಕೆ ಸೇತುವೆಯಾಗುವುದು ದಾನವೊಂದೇ. ಲಿಂಗರಾಜರು ತೋರಿದ ದಾರಿಯಲ್ಲಿ ಇತರರೂ ನಡೆದರು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಬೆಳಗಾವಿಯ ವಿಜ್ಞಾನ ಕಾಲೇಜು ಹೊತ್ತಿದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಭೂಮರಡ್ಡಿಯವರ ಹೆಸರು ಬಂದಿತು.

ಊರ ಸಮೀಪದಲ್ಲಿ ಕಾಲೇಜಾದುದರ ಫಲವು ಊರಿಗೇ ಸಲ್ಲುವುದು. ಪುಣೆಗೆ ಕಳಿಸಲಾರದ ತಾಯಿಯೂ ಬೆಳಗಾವಿಗೆ ಮಗನನ್ನು ಕಳಿಸಬಲ್ಲಳು, ಮಗಳನ್ನೂ ಕಳಿಸಬಲ್ಲಳು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಹುಡುಗನು ಶಿಕ್ಷಕನಾಗಿ, ವಕೀಲನಾಗಿ ಮರಳಿದರೆ ಅವನ ಹಿಂದೆ ಹಳ್ಳಿಯ ಹತ್ತು ಮಕ್ಕಳು ಪುಸ್ತಕವನ್ನು ಹಿಡಿಯುವರು. ವಿದ್ಯಾಲಯದ ಬಾಗಿಲು ಜಾತಿಮತಗಳ ಭೇದವಿಲ್ಲದೆ ತೆರೆದಿರುವಾಗ ಒಂದು ಸಮಾಜದವರ ತ್ಯಾಗವು ಇಡೀ ನಾಡಿನ ಭಾಗ್ಯವಾಗುವುದು.

ದಾಸೋಹವೆಂದರೆ ಉಳಿದುದನ್ನು ಕೊಡುವುದಲ್ಲ, ಇರುವುದೆಲ್ಲವೂ ಶಿವನದೆಂದರಿತು ಸಲ್ಲಿಸುವುದೆಂದು ಶರಣರು ನಮಗೆ ಕಲಿಸಿರುವರು. ಸಿರಸಂಗಿಯ ದೇಸಾಯರು ಆ ಪಾಠವನ್ನು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. ಅವರಷ್ಟು ಸಿರಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ಸುಗ್ಗಿಯಲ್ಲಿ ಒಂದು ಚೀಲ ಜೋಳ, ಮನೆಯ ಮಂಗಲಕಾರ್ಯದ ವೆಚ್ಚದಲ್ಲಿ ಒಂದು ಪಾಲು, ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಫೀ ಇಷ್ಟು ನಮಗೂ ಸಾಧ್ಯ. ಈ ಮಹೋತ್ಸವದ ಶುಭಕಾಲದಲ್ಲಿ ಸದ್ಭಕ್ತರು ಅದನ್ನು ಸಂಕಲ್ಪಿಸಲಿ. ವಿದ್ಯಾದಾಸೋಹವು ನಾಡಿನಲ್ಲಿ ಅಖಂಡವಾಗಿ ನಡೆಯಲಿ.

ಶುಭಂ ಭೂಯಾತ್.