ರಾಬರ್ಟ್ ಆಗಸ್ಟಸ್ ಚೀಸ್‌ಬ್ರೋ

ರಾಬರ್ಟ್ ಆಗಸ್ಟಸ್ ಚೀಸ್‌ಬ್ರೋ (9 ಜನವರಿ 1837 – 8 ಸೆಪ್ಟೆಂಬರ್ 1933) ಅಮೆರಿಕದ ರಸಾಯನತಜ್ಞ ಹಾಗೂ ಉದ್ಯಮಿ. ಕಚ್ಚಾ ತೈಲದ ಗಸಿಯಿಂದ ಪೆಟ್ರೋಲಿಯಂ ಜೆಲ್ಲಿಯನ್ನು ಶುದ್ಧೀಕರಿಸಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವರು ಇವರು. ಒಡೆದ ತುಟಿ, ಬಿರಿದ ಹಿಮ್ಮಡಿ, ಒರಟಾದ ಅಂಗೈ ಎಲ್ಲಕ್ಕೂ ಒಂದೇ ಡಬ್ಬಿ ಸಾಕೆಂಬ ರೂಢಿ ಬೆಳೆಯುವುದರಲ್ಲಿ ಇವರ ಪಾಲು ದೊಡ್ಡದು. ಕರ್ನಾಟಕದ ಬಯಲುಸೀಮೆಯ ಮನೆಗಳಲ್ಲಿಯೂ ಚಳಿಗಾಲ ಬಂತೆಂದರೆ ಈ ಡಬ್ಬಿ ಗೂಡಿನಿಂದ ಹೊರಬರುತ್ತದೆ. ಯಾವ ಕಂಪನಿಯ ಜೆಲ್ಲಿಯಾದರೂ ಅದನ್ನು ವ್ಯಾಸಲೀನ್ ಎಂದೇ ಕರೆಯುವುದು ವಾಡಿಕೆ.

ಆರಂಭಿಕ ಜೀವನ

ಚೀಸ್‌ಬ್ರೋ ಲಂಡನ್ನಿನಲ್ಲಿ ಅಮೆರಿಕನ್ ದಂಪತಿಗಳ ಮಗನಾಗಿ ಜನಿಸಿ ನ್ಯೂಯಾರ್ಕ್ ನಗರದಲ್ಲಿ ಬೆಳೆದರು. ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, ಸ್ಪರ್ಮ್ ತಿಮಿಂಗಿಲದ ಎಣ್ಣೆಯಿಂದ ದೀಪದ ಎಣ್ಣೆ ತಯಾರಿಸುವ ಕೆಲಸದಲ್ಲಿ ತೊಡಗಿದರು. 1859ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಬಳಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ ಕಲ್ಲೆಣ್ಣೆ ದೊರೆಯಿತು. ಅಗ್ಗದ ಸೀಮೆಎಣ್ಣೆಯ ಮುಂದೆ ತಿಮಿಂಗಿಲದ ಎಣ್ಣೆಗೆ ಉಳಿಗಾಲವಿಲ್ಲವೆಂಬುದು ಸ್ಪಷ್ಟವಾಗಿತ್ತು. ತಮ್ಮ ವೃತ್ತಿಯನ್ನೇ ಕಸಿದುಕೊಂಡ ಆ ಪದಾರ್ಥದಿಂದ ಬೇರೇನು ಮಾಡಬಹುದೆಂದು ತಿಳಿಯಲು ಅವರು ಟೈಟಸ್‌ವಿಲ್‌ಗೆ ತೆರಳಿದರು.

ಸಲಾಕೆಯ ಮೇಣದಿಂದ ಜೆಲ್ಲಿಯವರೆಗೆ

ತೈಲಬಾವಿಗಳಲ್ಲಿ ಪಂಪಿನ ಸಲಾಕೆಗಳಿಗೆ ಕಪ್ಪಾದ, ಅಂಟಂಟಾದ ಮೇಣವೊಂದು ಮೆತ್ತಿಕೊಳ್ಳುತ್ತಿತ್ತು. ಯಂತ್ರದ ಕೆಲಸಕ್ಕೆ ಅದೊಂದು ಪೀಡೆ; ಆಗಾಗ ಕೆರೆದು ತೆಗೆಯದಿದ್ದರೆ ಪಂಪು ನಿಂತುಹೋಗುತ್ತಿತ್ತು. ಆದರೆ ಅದೇ ಕಾರ್ಮಿಕರು ಕೈ ಕೊಯ್ದುಕೊಂಡಾಗ ಅಥವಾ ಸುಟ್ಟುಕೊಂಡಾಗ ಆ ಮೇಣವನ್ನೇ ಹಚ್ಚಿಕೊಳ್ಳುತ್ತಿದ್ದರು. ಆದುದರಿಂದ ಈ ಪದಾರ್ಥದ ಗುಣವನ್ನು ಮೊದಲು ಕಂಡವರು ಹೆಸರು ದಾಖಲಾಗದ ಆ ಕೂಲಿಕಾರರೇ. ಚೀಸ್‌ಬ್ರೋ ಅವರ ಸಾಧನೆಯಿರುವುದು ಶುದ್ಧೀಕರಣದಲ್ಲಿ.

ಮೇಣವನ್ನು ನ್ಯೂಯಾರ್ಕಿಗೆ ಒಯ್ದ ಅವರು ವರ್ಷಗಳ ಕಾಲ ಪ್ರಯೋಗ ನಡೆಸಿದರು. ತೈಲದಿಂದ ಹಗುರವಾದ ಅಂಶಗಳನ್ನು ಬೇರ್ಪಡಿಸಿ, ಉಳಿದ ಗಸಿಯನ್ನು ಮೂಳೆ ಇದ್ದಿಲಿನ ಮೂಲಕ ಸೋಸಿದಾಗ ಬಣ್ಣ ತಿಳಿಯಾದ, ವಾಸನೆ ಇಲ್ಲದ, ಕಮಟು ಹಿಡಿಯದ ಜೆಲ್ಲಿ ದೊರೆಯಿತು. ಕಮಟು ಹಿಡಿಯದಿರುವುದು ಸಣ್ಣ ಗುಣವಲ್ಲ. ಅಲ್ಲಿಯವರೆಗೆ ಮುಲಾಮುಗಳಿಗೆ ಆಧಾರವಾಗಿದ್ದ ಹಂದಿಯ ಕೊಬ್ಬು ಮತ್ತು ಸಸ್ಯಜನ್ಯ ಎಣ್ಣೆಗಳು ಕೆಲಕಾಲದಲ್ಲೇ ಕೆಟ್ಟು ನಾರುತ್ತಿದ್ದವು.

1872ರ ಜೂನ್ 4ರಂದು ಅವರಿಗೆ ಅಮೆರಿಕದ ಪೇಟೆಂಟ್ (ಸಂಖ್ಯೆ 127,568) ದೊರೆಯಿತು. ಅದರಲ್ಲಿ ಹೇಳಿರುವ ಉಪಯೋಗಗಳು ಕುತೂಹಲಕರವಾಗಿವೆ: ಹದ ಮಾಡಿದ ತೊಗಲಿಗೆ ಎಣ್ಣೆ ಉಣಿಸಲು, ಯಂತ್ರಗಳಿಗೆ ಜಾರಿಕೆ ನೀಡಲು, ಮತ್ತು ಒಡೆದ ಕೈಗಳಿಗೆ ಹಚ್ಚಲು. ವ್ಯಾಸಲೀನ್ ಎಂಬ ಹೆಸರು ಜರ್ಮನ್ ಭಾಷೆಯ ನೀರು ಮತ್ತು ಗ್ರೀಕ್ ಭಾಷೆಯ ಎಣ್ಣೆ ಎಂಬರ್ಥದ ಪದಗಳ ಜೋಡಣೆಯೆಂಬ ವಿವರಣೆ ಪ್ರಚಲಿತವಾಗಿದೆ.

ವ್ಯಾಪಾರ

ಔಷಧ ಅಂಗಡಿಗಳು ಮೊದಮೊದಲು ಆಸಕ್ತಿ ತೋರಲಿಲ್ಲ. ಚೀಸ್‌ಬ್ರೋ ಕುದುರೆಗಾಡಿಯಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಊರೂರು ಸುತ್ತಿ ಮಾದರಿಗಳನ್ನು ಉಚಿತವಾಗಿ ಹಂಚಿದರು. ಜನರೆದುರು ತಮ್ಮ ಚರ್ಮವನ್ನು ಬೆಂಕಿಯಿಂದಲೋ ಆಮ್ಲದಿಂದಲೋ ಸುಟ್ಟುಕೊಂಡು ಜೆಲ್ಲಿ ಸವರಿ, ಹಿಂದೆ ಹಾಗೆಯೇ ಮಾಡಿಕೊಂಡು ಮಾಗಿದ್ದ ಗಾಯಗಳನ್ನು ತೋರಿಸುತ್ತಿದ್ದರೆಂದು ಅವರ ಜೀವನವೃತ್ತಾಂತಗಳಲ್ಲಿ ಹೇಳಲಾಗಿದೆ. ಮಾದರಿ ಪಡೆದವರು ಅಂಗಡಿಗಳಲ್ಲಿ ಕೇಳತೊಡಗಿದ ಮೇಲೆ ಬೇಡಿಕೆ ತಾನಾಗಿ ಬೆಳೆಯಿತು. ಅವರ ಕಂಪನಿ ಮುಂದೆ ಸ್ಟ್ಯಾಂಡರ್ಡ್ ಆಯಿಲ್ ಸಮೂಹಕ್ಕೆ ಸೇರಿ, 1911ರಲ್ಲಿ ಆ ಸಮೂಹವನ್ನು ನ್ಯಾಯಾಲಯ ವಿಭಜಿಸಿದಾಗ ಮರಳಿ ಸ್ವತಂತ್ರವಾಯಿತು. 1955ರಲ್ಲಿ ಪಾಂಡ್ಸ್ ಜೊತೆ ವಿಲೀನವಾಗಿ, 1987ರಲ್ಲಿ ಯೂನಿಲಿವರ್ ವಶವಾಯಿತು.

ಗುಣದ ಕುರಿತ ನಂಬಿಕೆ ಮತ್ತು ವಾಸ್ತವ

ಜೆಲ್ಲಿಯಲ್ಲಿಯೇ ಗಾಯ ಮಾಯಿಸುವ ಶಕ್ತಿಯಿದೆಯೆಂದು ಚೀಸ್‌ಬ್ರೋ ನಂಬಿದ್ದರು. ಈ ನಂಬಿಕೆ ಅರ್ಧ ಮಾತ್ರ ಸರಿ. ಪೆಟ್ರೋಲಿಯಂ ಜೆಲ್ಲಿಯಲ್ಲಿ ಔಷಧಾಂಶವೇನೂ ಇಲ್ಲ. ಚರ್ಮಕ್ಕೆ ಅದು ಹೊಸದಾಗಿ ನೀರನ್ನು ಕೊಡುವುದೂ ಇಲ್ಲ. ಚರ್ಮದ ಮೇಲೆ ಪೊರೆಯಂತೆ ಕುಳಿತು, ಒಳಗಿನ ತೇವ ಆವಿಯಾಗಿ ಹೋಗದಂತೆ ತಡೆಯುತ್ತದೆ. ಆ ತೇವದ ಆಶ್ರಯದಲ್ಲಿ ಚರ್ಮ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಒಣಗಿ ಹೆಕ್ಕಳೆ ಕಟ್ಟಿದ ಗಾಯಕ್ಕಿಂತ ತೇವವಾಗಿರುವ ಗಾಯ ಬೇಗ ಮಾಯುತ್ತದೆಂಬುದನ್ನು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಚೀಸ್‌ಬ್ರೋ ತೀರಿಕೊಂಡು ಆಗಲೇ 29 ವರ್ಷಗಳಾಗಿದ್ದವು.

ಸುಟ್ಟ ಗಾಯದ ವಿಷಯದಲ್ಲಿ ಮಾತ್ರ ಅವರ ಪ್ರದರ್ಶನ ಜನರಿಗೆ ತಪ್ಪು ದಾರಿ ತೋರಿಸಿತೆನ್ನಬೇಕು. ಆಗಷ್ಟೇ ಸುಟ್ಟ ಜಾಗಕ್ಕೆ ಜಿಡ್ಡು ಹಚ್ಚಿದರೆ ಕಾವು ಒಳಗೇ ಉಳಿಯುತ್ತದೆ. ಮೊದಲು ಹರಿಯುವ ತಣ್ಣೀರಿನಲ್ಲಿ ತಣಿಸುವುದೇ ಇಂದಿನ ವೈದ್ಯಕೀಯ ಸಲಹೆ.

ಬಯಲುಸೀಮೆಯ ಚಳಿಗಾಲದಲ್ಲಿ ಮುಲಾಮಿನ ಆಯ್ಕೆ

ಜೆಲ್ಲಿ ಇರುವ ತೇವವನ್ನು ಕಾಯುತ್ತದೆಯೇ ಹೊರತು ತಾನಾಗಿ ತೇವ ನೀಡುವುದಿಲ್ಲವೆಂಬುದು ಒಣಹವೆಯ ಊರುಗಳಲ್ಲಿ ಮುಖ್ಯವಾಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ದೇವನಹಳ್ಳಿಯ ಸುತ್ತ ಮಂಜು ಕವಿದಿದ್ದರೂ ಮಧ್ಯಾಹ್ನದ ಹೊತ್ತಿಗೆ ಗಾಳಿ ಒಣಗಿರುತ್ತದೆ. ಒಣಗಿದ ಚರ್ಮದ ಮೇಲೆ ಮಧ್ಯಾಹ್ನ ಹಚ್ಚಿದ ಜೆಲ್ಲಿ ಬರಿಯ ಅಂಟಾಗಿ ಉಳಿಯುತ್ತದೆ. ಸ್ನಾನವಾದ ಕೂಡಲೇ, ಮೈಯಲ್ಲಿ ಪಸೆ ಇರುವಾಗಲೇ ತೆಳುವಾಗಿ ಸವರಿದರೆ ಅದೇ ಜೆಲ್ಲಿ ಫಲ ಕೊಡುತ್ತದೆ.

ಕೈಯ ಕೆಲಸವೂ ಆಯ್ಕೆಯನ್ನು ನಿರ್ಧರಿಸುತ್ತದೆ. ವಿಜಯಪುರದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ಪದೇಪದೇ ನೀರಿಗಿಳಿದು ಒಣಗುವ ಕೈ ಬೇಗ ಬಿರಿಯುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ತೊಡಕು ಇನ್ನೊಂದು ಬಗೆಯದು: ಒರಟು ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ, ಜಿಡ್ಡು ಬೆರಳಿನಿಂದ ಸೀರೆಗೆ ಕಲೆಯಾಗುತ್ತದೆ. ಇಂಥ ಕೆಲಸದವರಿಗೆ ಹಗಲು ಬೇಗ ಹೀರಿಕೊಳ್ಳುವ ಕ್ರೀಮು, ರಾತ್ರಿ ಮಲಗುವ ಮುನ್ನ ಜೆಲ್ಲಿ ಹೊಂದುತ್ತದೆ. ಗಟ್ಟಿಯಾಗಿ ಬಿರಿದ ಹಿಮ್ಮಡಿಗೆ ಬರಿಯ ಜೆಲ್ಲಿ ಸಾಲದು. ಯೂರಿಯಾ ಸೇರಿದ ಮುಲಾಮು ದಪ್ಪಗಟ್ಟಿದ ಚರ್ಮವನ್ನು ಮೆದುಗೊಳಿಸುತ್ತದೆ. ತುಟಿಗೆ ಪರಿಮಳವಿಲ್ಲದ ಜೆಲ್ಲಿ ಅಥವಾ ಜೇನುಮೇಣದ ಬಾಮು ಸಾಕು. ಕರ್ಪೂರ, ಪುದೀನ ಸತ್ವವಿರುವ ತಲೆನೋವಿನ ಬಾಮುಗಳು ಒಡೆದ ಚರ್ಮಕ್ಕೆ ಉರಿ ತರುತ್ತವೆ.

ಮನೆಗಳಲ್ಲಿ ಹಿಂದಿನಿಂದ ಬಂದಿರುವ ಹರಳೆಣ್ಣೆ, ಬೆಣ್ಣೆ, ಕೊಬ್ಬರಿ ಎಣ್ಣೆಗಳ ಕೆಲಸವೂ ಬಹುಮಟ್ಟಿಗೆ ಇದೇ ಆಗಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಈ ಸೀಮೆಯ ಚಳಿಯಲ್ಲಿ ಅದೂ ಮುಲಾಮಿನ ರೂಪ ತಾಳುತ್ತದೆ. ತೇವವನ್ನು ತಡೆಹಿಡಿಯುವಲ್ಲಿ ಜೆಲ್ಲಿ ಇವೆಲ್ಲಕ್ಕಿಂತ ಮುಂದಿದೆ. ಮಕ್ಕಳ ಮೂಗಿನೊಳಗೆ ಮಾತ್ರ ಇದನ್ನು ಹಚ್ಚಬಾರದು. ಜಿಡ್ಡು ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯ ಬರುವುದುಂಟು. ಜೆಲ್ಲಿ ಮೆತ್ತಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದರಿಂದ ಒಲೆಯ ಬಳಿ ಎಚ್ಚರ ಬೇಕು.

ಕೊನೆಯ ವರ್ಷಗಳು

ಚೀಸ್‌ಬ್ರೋ ಅವರಿಗೆ ತಮ್ಮ ಜೆಲ್ಲಿಯ ಮೇಲಿದ್ದ ವಿಶ್ವಾಸ ವಯಸ್ಸಿನೊಂದಿಗೆ ಹೆಚ್ಚಿತು. ಪ್ರತಿದಿನ ಒಂದು ಚಮಚ ತಿನ್ನುತ್ತಿದ್ದರೆಂದೂ, ಎದೆಯ ಪೊರೆಯ ಉರಿಯೂತದಿಂದ ಮಲಗಿದಾಗ ದಾದಿಯಿಂದ ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡರೆಂದೂ ಪ್ರತೀತಿಯಿದೆ. ಚೇತರಿಕೆಗೆ ಅದೇ ಕಾರಣವೆಂದು ಅವರು ನಂಬಿದ್ದರಂತೆ. ವೈದ್ಯಕೀಯ ಆಧಾರ ಇದಕ್ಕಿಲ್ಲ. ನ್ಯೂಜೆರ್ಸಿಯ ಸ್ಪ್ರಿಂಗ್ ಲೇಕ್‌ನಲ್ಲಿ 1933ರ ಸೆಪ್ಟೆಂಬರ್ 8ರಂದು, ತಮ್ಮ 96ನೆಯ ವಯಸ್ಸಿನಲ್ಲಿ ಅವರು ನಿಧನರಾದರು.